ಒಣಹುಲ್ಲಿನ ಮೇಲೆ ನಿಂತ ಆಟೋ

ಗುಬ್ಬಿಯಿಂದ ಆಟೋದಲ್ಲಿ ಬರ್ತಿದ್ದೆ. ಡ್ರೈವರ್ ಗಂಗಣ್ಣನಿಗೆ ನಲವತ್ತಾದ್ರೂ ಹೆಣ್ಣು ಸಿಕ್ಕಿಲ್ಲ. ಹೊಂಗೆಮರದ ನೆರಳು ಕಂಡ್ತು ಅಂತ ಒಣಹುಲ್ಲಿನ ಮೇಲೇ ಆಟೋ ನಿಲ್ಲಿಸಿದ. ಪಕ್ಕದಲ್ಲೇ ರಾಗಿಹುಲ್ಲಿನ ಮೆದೆ. ಅದರ ಒಡತಿ, ಗಂಡ ಸತ್ತ ಶಿವಮ್ಮ, ಓಡಿಬಂದಳು.

"ಏನಯ್ಯಾ, ಸೈಲೆನ್ಸರ್ ಕಾದಿರ್ತದೆ. ಬೆಂಕಿ ಹತ್ಕೊಂಡ್ರೆ ನನ್ ಹಸ ಏನ್ ತಿನ್ಬೇಕು?"

"ಅಷ್ಟಕ್ಕೆಲ್ಲಾ ಹತ್ಕೊಳಲ್ಲ ಬುಡಮ್ಮ."

ಅನ್ನುತ್ತಿದ್ದಂಗೇ ಆಟೋ ಅಡಿಯಿಂದ ಹೊಗೆ ಎದ್ದಿತು. ನಾನು ಇಳಿದು ದೂರ ಓಡಿದೆ. ಅವನು ಆಟೋ ತಳ್ಳಿದ, ಅವಳು ಹೊಂಗೆಕೊಂಬೆ ಮುರಿದು ಬೆಂಕಿ ಬಡಿದಳು. ಪುಣ್ಯಕ್ಕೆ ಮೆದೆ ಉಳೀತು.

"ಇನ್ಮೇಲೆ ನಮ್ಮ ಅಂಗಳದಲ್ಲಿ ನಿಲ್ಸು. ಸಾರಿಸಿದ ನೆಲ, ಒಂದು ಕಡ್ಡೀನೂ ಇಲ್ಲ" ಅಂದಳು.

ಈಗ ಆಟೋ ದಿನಾ ಅಲ್ಲೇ ನಿಂತಿರುತ್ತೆ. ಮಳೆ ಬಂದು ಹುಲ್ಲೆಲ್ಲಾ ಹಸಿರಾಗಿದೆ, ಆದ್ರೂ ಗಂಗಣ್ಣನಿಗೆ ಬೆಂಕಿ ಭಯ ಹೋಗಿಲ್ಲವಂತೆ.