ಕಾದಂಬರಿಯ ಅಡುಗೆಯವಳ ಮೇಲೆ ನನಗಾದ ಹೊಟ್ಟೆಕಿಚ್ಚು

ಸಿಡ್ನಿಯ ಎಪ್ಪಿಂಗ್‌ನಲ್ಲಿ ನಾವು ಕೆಲವು ಕನ್ನಡದ ಮನೆಯವರು ತಿಂಗಳಿಗೊಂದು ಭಾನುವಾರ ಸೇರಿ ಪುಸ್ತಕದ ಬಗ್ಗೆ ಮಾತಾಡುತ್ತಿದ್ದೆವು. ಕನ್ನಡ ಪುಸ್ತಕ ಸಿಗುವುದು ಕಷ್ಟ. ಹಾಗಾಗಿ ಲೈಬ್ರರಿಯಿಂದ ಇಂಗ್ಲಿಷ್ ಕಾದಂಬರಿ ತಂದು ಓದಿ, ಕನ್ನಡದಲ್ಲಿ ಜಗಳವಾಡುವುದು ನಮ್ಮ ಪದ್ಧತಿ. ಪುಸ್ತಕವನ್ನು ಅರ್ಧಕ್ಕೆ ಬಿಟ್ಟವರೂ ಊಟವನ್ನು ಪೂರ್ತಿ ಮುಗಿಸುತ್ತಿದ್ದರು. ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತಂದರೆ, ನಾನು ಮಾತ್ರ ಅಂಗಡಿಯ ಮೈಸೂರು ಪಾಕಿನ ಪೆಟ್ಟಿಗೆಯನ್ನು ಬಿಚ್ಚದೆ ಹಾಗೆಯೇ ತಂದಿಡುತ್ತಿದ್ದೆ.

ಮೆಲ್ಬರ್ನ್‌ನಲ್ಲಿ ಓದುವಾಗ ಈ ತಾಪತ್ರಯ ಇರಲಿಲ್ಲ. ನನ್ನೊಂದಿಗೆ ಮನೆ ಹಂಚಿಕೊಂಡಿದ್ದ ಹುಡುಗಿಯರಿಗೆ ಹಸಿವೇ ದೊಡ್ಡದು. ನಾನು ಏನು ಬೇಯಿಸಿದರೂ ಪಾತ್ರೆ ಕೆರೆದು ತಿನ್ನುತ್ತಿದ್ದರು. ಪಿಆರ್, ಅಂದರೆ ಈ ದೇಶದಲ್ಲೇ ನೆಲೆಸುವ ಪರವಾನಗಿ, ಸಿಕ್ಕಿ, ಕೆಲಸ ಹಿಡಿದು ಸಿಡ್ನಿಗೆ ಬಂದು ಸಂಸಾರಸ್ಥರ ನಡುವೆ ಸೇರಿದ ಮೇಲೆ 'ಊರಲ್ಲಿ ಯಾವ ಕಡೆ? ಮನೆದೇವರು ಯಾವುದು?' ಎಂಬ ವಿಚಾರಣೆ ಶುರುವಾಯಿತು. ಮನೆದೇವರ ಹೆಸರು ಹೇಳಿದರೆ ಜಾತಿ ಕೇಳುವ ಕಷ್ಟವೇ ಇಲ್ಲವಲ್ಲ. 'ನಮ್ಮೂರಲ್ಲಿ ದೇವರಿಗಿಂತ ಸೊಳ್ಳೆ ಜಾಸ್ತಿ' ಎಂದು ನಗಿಸಿ ಜಾರಿಕೊಳ್ಳುತ್ತಿದ್ದೆ. ನಾನು ಹೊಲಗೇರಿಯವಳೆಂದು ಗೊತ್ತಾಗಿ, ನನ್ನ ಪಾತ್ರೆಯೊಂದೇ ಯಾರೂ ಮುಟ್ಟದೆ ಉಳಿದುಬಿಟ್ಟರೆ ಎಂಬ ಭಯ. ಅದಕ್ಕೇ ಆ ಮೈಸೂರು ಪಾಕು.

ಒಂದು ಸಲದ ಪುಸ್ತಕ ಅಮೆರಿಕದ ಕಪ್ಪು ಜನರು ನಾಗರಿಕ ಹಕ್ಕುಗಳಿಗಾಗಿ ಹೋರಾಡಿದ ಕಾಲದ ಕಾದಂಬರಿ. ತಾಯಿ ಬಿಳಿಯರ ಮನೆಯ ಅಡುಗೆಯವಳು. ಮಗಳು ತನ್ನ ಜನರಿಗೆ ಬಡಿಸದ ಹೋಟೆಲಿಗೆ ಹೋಗಿ ಕೂತು, ಏಳುವುದಿಲ್ಲ ಎಂದು ಹಟ ಹಿಡಿದವಳು. ಉಡುಪಿ ಕಡೆಯ ಒಬ್ಬ ಆಂಟಿಯ ಮನೆಯಲ್ಲಿ ಸೇರಿದ್ದೆವು. ಸರದಿಯಂತೆ ಅಭಿಪ್ರಾಯ ಹೇಳಬೇಕು.

'ಸಿಕ್ಕಾಪಟ್ಟೆ ಎಳೆದಿದ್ದಾರೆ. ಮಧ್ಯದಲ್ಲಿ ನೂರು ಪೇಜ್ ಎಡಿಟ್ ಮಾಡಬಹುದಿತ್ತು,' ಎಂದರು ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಅಂಕಲ್ ಒಬ್ಬರು.

'ನಮಗೂ ಇಲ್ಲಿ ಅದೇ ಕಥೆ ಅಲ್ವಾ?' ಎಂದಳು ಅವರ ಹೆಂಡತಿ. 'ಹೆಸರು ನೋಡಿದ ತಕ್ಷಣ ರೆಂಟ್‌ಗೆ ಮನೆ ಇಲ್ಲ ಅಂತಾರೆ.'

'ನಮ್ಮ ಊರಿನ ಮನೆಯಲ್ಲಿ ಇದೆಲ್ಲ ಇರಲಿಲ್ಲ ಮಾರಾಯ್ರೆ,' ಎಂದರು ಆಂಟಿ. 'ಕೆಲಸದವರನ್ನು ಮನೆಯವರ ಹಾಗೆಯೇ ನೋಡ್ತಿದ್ದದ್ದು.'

ಎಲ್ಲರೂ ಅಡುಗೆಯವಳ ಪಕ್ಷವೇ. ಯಜಮಾನರ ಪಕ್ಷಕ್ಕೆ ಇಡೀ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಭಾಷೆ ಚೆನ್ನಾಗಿದೆ, ಅಷ್ಟು ಹೇಳಿ ಮುಗಿಸೋಣ ಎಂದುಕೊಂಡು ಹೋಗಿದ್ದವಳು ನಾನು. ಆದರೆ ನನ್ನ ಮೂಗಿನ ತುದಿಯ ಕೋಪ ಕೇಳಬೇಕಲ್ಲ.

'ನಂಗೆ ಆ ಅಡುಗೆಯವಳನ್ನ ನೋಡಿ ಹೊಟ್ಟೆ ಉರೀತು,' ಎಂದೆ. 'ಅವಳನ್ನ ಟೇಬಲ್ ಹತ್ರ ಕೂರಿಸ್ಲಿಲ್ಲ, ಸರಿ. ಆದ್ರೆ ಅವಳು ಮಾಡಿದ್ದನ್ನ ಬೆರಳು ಚೀಪ್ಕೊಂಡು ತಿಂದ್ರಲ್ಲ! ನಮ್ಮೂರಲ್ಲಿ ನಮ್ಮಮ್ಮ ಮೇಲ್ಜಾತಿಯೋರ ಗದ್ದೆ ನಾಟಿ ಮಾಡ್ಬೇಕು, ಕಳೆ ಕೀಳ್ಬೇಕು. ಅವಳ ಕೈಯಿಂದ ಒಂದು ಲೋಟ ನೀರು ಮಾತ್ರ ಯಾರೂ ಕುಡಿಯಲ್ಲ.'

ಐಟಿಯ ಅಂಕಲ್ ಪುಸ್ತಕದ ಪುಟ ತಿರುವತೊಡಗಿದರು. ಅದನ್ನು ನೋಡಿ ನನಗೆ ಇನ್ನಷ್ಟು ರೇಗಿತು. 'ಮುಂದಿನ ತಿಂಗಳು ನಮ್ಮನೇಲಿ. ಅಡುಗೆ ಪೂರ್ತಿ ನಂದೇ. ಯಾರೂ ಏನೂ ತರಬೇಡಿ,' ಎಂದು ಹೇಳಿ ಎದ್ದೆ.

ಹೇಳುವುದು ಹೇಳಿಬಿಟ್ಟೆ, ಆಮೇಲೆ ತಿಂಗಳಿಡೀ ನಿದ್ದೆ ಸರಿಯಾಗಿ ಬರಲಿಲ್ಲ. ಆದರೂ ಹಟಕ್ಕೆ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರನ್ನೇ ಮಾಡಿದೆ. ಪಲಾವ್ ಆದರೆ ನನ್ನ ಕೈಗೂ ಅವರ ತಟ್ಟೆಗೂ ನಡುವೆ ಸೌಟು ಇರುತ್ತದೆ. ಮುದ್ದೆಗೆ ಹಾಗಲ್ಲ, ಕೈ ಒದ್ದೆ ಮಾಡಿಕೊಂಡು, ಸುಡುವ ಹಿಟ್ಟನ್ನು ಅಂಗೈಯಲ್ಲಿ ಉಂಡೆ ಕಟ್ಟಿ ತಟ್ಟೆಗೆ ಹಾಕಬೇಕು. ಉಂಡರೆ ನನ್ನ ಕೈಯಿಂದಲೇ ಉಣ್ಣಬೇಕು.

ಆ ದಿನ ಎರಡು ಮನೆಯವರು ಬರಲಿಲ್ಲ. ಒಬ್ಬರ ಮಗುವಿಗೆ ಜ್ವರವಂತೆ, ಇನ್ನೊಬ್ಬರ ಕಾರು ಕೆಟ್ಟಿತ್ತಂತೆ. ನಿಜವೂ ಇರಬಹುದು, ನಾನು ಕೆದಕಲಿಲ್ಲ. ಉಳಿದವರು ಬಂದು ಹಾಲ್‌ನಲ್ಲಿ ಕೂತರು. ಆಂಟಿ ಮಾತ್ರ ಸೀದಾ ಅಡುಗೆಮನೆಗೆ ಬಂದರು.

'ಆ ದಿನ ನಾನು ಹೇಳಿದ್ದು ಸುಳ್ಳು,' ಎಂದರು. 'ನಮ್ಮಲ್ಲಿ ಕೆಲಸಕ್ಕೆ ಬರುವವಳಿಗೆ ಚಾದ ಗ್ಲಾಸು ಬೇರೆ ಇತ್ತು. ಜಗಲಿಯ ಹೊರಗೆ ಇಡ್ತಿದ್ದದ್ದು. ನೀವೆಲ್ಲ ಹೋದ ಮೇಲೆ ನೆನಪಾಯ್ತು.' ಕ್ಷಮೆ ಕೇಳಲಿಲ್ಲ. ತಟ್ಟೆಯನ್ನು ಮುಂದೆ ಚಾಚಿ, 'ಹಾಕು,' ಎಂದರು.

ಹಾಕಿದೆ. ಅಲ್ಲೇ ನಿಂತು ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟು ಅಗಿಯತೊಡಗಿದರು. ಅಗಿದಷ್ಟೂ ಹಲ್ಲಿಗೆ ಅಂಟುತ್ತಿತ್ತು.

'ಅಗೀಬೇಡಿ ಆಂಟಿ, ನುಂಗಿ!'

'ಇದೆಂತ ಮಾರಾಯ್ತಿ, ಮಾತ್ರೆಯ ಹಾಗೆ!' ಎಂದು ನುಂಗಿದರು. ಕಣ್ಣಲ್ಲಿ ನೀರು ಬಂತು. ನನಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಉಳಿದವರೂ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. ಆಂಟಿ ಸಾರನ್ನು ಎರಡು ಸಲ ಹಾಕಿಸಿಕೊಂಡರು. ಆ ಹೆಂಗಸಿಗೆ ನಾನು ಇವತ್ತಿಗೂ ಕೃತಜ್ಞಳು. ಉದ್ದವಾಯಿತೆಂದು ಬೈಸಿಕೊಂಡ ಆ ಕಾದಂಬರಿಗೂ ಅಷ್ಟೇ. ಅದು ಇಲ್ಲದಿದ್ದರೆ ನನ್ನ ಬಾಯಿಂದ ಆ ಮಾತು ಬರುತ್ತಲೇ ಇರಲಿಲ್ಲ.

ಸಂಜೆ ಊರಿಗೆ ಫೋನ್ ಮಾಡಿ ಅಮ್ಮನಿಗೆ ಎಲ್ಲ ಹೇಳಿದೆ. ಯಾರು ಯಾರು ಬಂದಿದ್ದರು, ಯಾವ ಜನ, ನನ್ನ ಕೈಯಿಂದ ಹೇಗೆ ಹಾಕಿಸಿಕೊಂಡರು, ಎಲ್ಲ. ಕೇರಿಯಾಚೆಯ ಒಬ್ಬರಿಗೂ ಜನ್ಮದಲ್ಲಿ ಬಡಿಸದ ನಮ್ಮಮ್ಮ ಗಾಬರಿಯಿಂದ ಕೇಳಿದಳು:

'ಎಲ್ಲಾರ್ಗೂ ಸಾಕಾಯ್ತೇನವ್ವ? ಯಾರ್ಗೂ ಕಮ್ಮಿ ಬೀಳ್ಲಿಲ್ಲ ತಾನೆ?'