ಉದ್ದ ಕಿವಿಯ ಮಾಸುಮಬಿ

ಬ್ಯಾಡಗಿಯ ದಾದಾಸಾಬರ ಮೂಗಿಗೆ ಸರಿಸಾಟಿಯಾದ ಮೂಗು ಹಾವೇರಿ ಜಿಲ್ಲೆಯಲ್ಲೇ ಇಲ್ಲ. ಆನೆಗೆ ಒಂದಿದೆ ಅನ್ನುತ್ತಾರೆ, ಆದರೆ ಅದಕ್ಕೆ ಮೆಣಸಿನಕಾಯಿ ತಿಳಿಯುವುದಿಲ್ಲ. ಕಾಯಿ ಮುರಿದು ಮೂಸಿದರೆ ಸಾಕು, ಅದು ಯಾವ ಊರ ಹೊಲದ್ದು, ಒಣಹಾಕಿದ ದಿನ ಆ ಮನೆಯ ಗಂಡ ಹೆಂಡತಿ ಮಾತಾಡಿದ್ದರೋ ಇಲ್ಲವೋ, ಎಲ್ಲ ಹೇಳುತ್ತಿದ್ದರು. ಬಣ್ಣಕ್ಕೆ ಡಬ್ಬಿಕಾಯಿ, ಖಾರಕ್ಕೆ ಗುಂಟೂರು ಕಾಯಿ ಎಷ್ಟೆಷ್ಟು ಬೆರೆಸಬೇಕೆಂದು ಗಿರಣಿಯವರಿಗೆ ಹದ ಹೇಳಿ ಕಾಯಿ ಮಾರುವುದು ಅವರ ಕಸುಬು. ಒಬ್ಬರಿಗೆ ಮಾರಿದ ಚೀಲವನ್ನೇ ಇನ್ನೊಬ್ಬರಿಗೂ ಮಾರಿದರೆಂಬ ಮಾತು ಅವರ ಮೇಲೆ ಎಂದೂ ಬಂದಿರಲಿಲ್ಲ.

ಭಾನುವಾರ ಮಧ್ಯಾಹ್ನ ಮಾತ್ರ ರಾಣೆಬೆನ್ನೂರಿನ ಬಸ್ಸು ಹತ್ತುತ್ತಿದ್ದರು. ಅಲ್ಲಿ ಭುವನಾಳ ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಒಂದು ಆಟ. ಹಾಳೆಯ ಮೇಲೆ ಒಬ್ಬೊಬ್ಬರೂ ಒಂದೊಂದು ಪಾತ್ರ ಬರೆದುಕೊಂಡು, ಇಪ್ಪತ್ತು ಮುಖದ ದಾಳ ಉರುಳಿಸಿ, ಕುಂತಲ್ಲೇ ಕಾಡು ಮರುಭೂಮಿ ಸುತ್ತುವ ಆಟ. ಕತೆ ನಡೆಸುವವಳು ಭುವನಾ, ನಿಯಮವೂ ಅವಳ ಕೈಯಲ್ಲೇ.

ದಾದಾಸಾಬರ ಹೆಂಡತಿ ಮಾಸುಮಬಿ ಮೊಣಕಾಲು ನೋವಿನಿಂದ ಎರಡು ವರ್ಷ ಓಣಿ ದಾಟಿರಲಿಲ್ಲ. ಗಂಡ ಸಂಜೆ ಬಂದು ಹೇಳುವ ಕತೆಯಲ್ಲೇ ಆಕೆಯ ತಿರುಗಾಟ. ಈ ಸಲ ಮರುಭೂಮಿಯ ಪಯಣ ಎಂದು ಕೇಳಿ ಆಕೆ ಹಟ ಹಿಡಿದಿದ್ದಳು: "ನನ್ನ ಹೆಸರಿನಾಕಿನ್ನ ಒಬ್ಬಾಕಿನ್ನ ಕಳಸ್ರಿ. ಓಡಬೇಕು, ಬಿಸಲೂ ತಾಳಬೇಕು."

ದಾದಾಸಾಬರು ಎಲ್ಫ್ ಜಾತಿಯ ಹೆಣ್ಣೊಂದನ್ನು ಬರೆದರು. ಎಲ್ಫ್ ಅಂದರೆ ಉದ್ದ ಕಿವಿಯ, ನೂರಾರು ವರ್ಷ ಬಾಳುವ ಕಾಡಿನ ಜನ. ಮಂತ್ರ, ಬಿಲ್ಲುವಿದ್ಯೆ, ಚುರುಕು ಕಿವಿ, ಈ ಮೂರೂ ಅವರಿಗೆ ಹುಟ್ಟುಗುಣ. ಒಂದನ್ನು ಬಿಟ್ಟುಕೊಟ್ಟರೆ ಬದಲಿಗೆ ಬೇರೊಂದು ಗುಣ ಸಿಗುತ್ತದೆ; ಯಾವುದಕ್ಕೆ ಯಾವುದು ಎಂಬುದು ನಿಯಮದಲ್ಲಿದೆ. ದಾದಾಸಾಬರು ಮಂತ್ರ ಬಿಟ್ಟು ಬಿರುಸು ಕಾಲು ತಗೊಂಡರು, ಮಂತ್ರ ಬಿಟ್ಟು ಬಿಸಿಲು ತಾಳುವ ಮೈಯನ್ನೂ ತಗೊಂಡರು. ಹದ ಚೆನ್ನಾಗಿ ಕೂಡಿತೆಂದು ಮೀಸೆ ತಿರುವಿದರು.

ಭುವನಾ ಹಾಳೆ ನೋಡಿ ನಕ್ಕಳು. "ಕಾಕಾ, ಇರೋದು ಒಂದ ಮಂತ್ರ. ಅದನ್ನ ಕೊಟ್ಟು ಕಾಲೂ ತಗೊಂಡೀರಿ, ಮೈನೂ ತಗೊಂಡೀರಿ. ಒಂದ ಚೀಲಾ ಇಬ್ಬರಿಗೆ ಮಾರೀರಲ್ರಿ!"

ದಾದಾಸಾಬರ ಮುಖ ಡಬ್ಬಿಕಾಯಿಯಾಯಿತು. ಆ ಕೆಂಪು ಕಂಡು ಹೊರಗೆ ರಸ್ತೆಯಲ್ಲಿ ಹನ್ನೊಂದು ಲಾರಿಗಳು ಸಿಗ್ನಲ್ ಬಿತ್ತೆಂದು ನಿಂತವಂತೆ.

"ಇವತ್ತ ಮೂಗಿಗೆ ನೆಗಡಿ ಏನ್ರಿ ಕಾಕಾ?" ಎಂದ ಜೊತೆ ಆಟಗಾರ ಸುನೀಲಕುಮಾರ.

"ಸುಮ್ಕಿರಪಾ. ಮನ್ಯಾಗ ಆಕಿ ಕಾಯಾಕತ್ತಾಳ. ಕಾಲು ಬಿಟ್ರ ಬೈತಾಳ, ಮೈ ಬಿಟ್ರ ಮರುಭೂಮ್ಯಾಗ ಸಾಯತಾಳ."

"ಹಂಗಾರ ಆಕಿನ್ನ ಕೇಳೂಣು," ಎಂದು ಭುವನಾ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. "ಚಾಚಿ, ಬಿರುಸು ಕಾಲಿಗೆ ಇನ್ನೊಂದು ದಾರಿ ಐತ್ರಿ. ಮಂತ್ರದ ಬದಲಿ ಚುರುಕು ಕಿವಿ ಬಿಡಬೇಕು. ಆವಾಗ ಎರಡೂ ಕೂಡತಾವ. ಆದರ ಹಿಂದಿಂದ ಯಾರರ ಬಂದ್ರ ಕೇಳಂಗಿಲ್ಲ ನೋಡ್ರಿ."

"ಬಿಟ್ಟಬಿಡವ್ವಾ ಕಿವಿ," ಎಂದಳು ಮಾಸುಮಬಿ. "ಮೂವತ್ತು ವರ್ಷ ಇವರ ಮಾತು ಕೇಳಿ ಸಾಕಾಗೇತಿ."

ಮಹಡಿ ನಕ್ಕ ನಗೆಗೆ ಕೆಳಗಿನ ಝೆರಾಕ್ಸ್ ಯಂತ್ರ ತಾನಾಗಿಯೇ ನಾಲ್ಕು ಹಾಳೆ ಹೊರಹಾಕಿತು.

"ಮತ್ತ ಅಷ್ಟುದ್ದ ಕಿವಿ ಇಟ್ಕೊಂಡು ಏನ ಮಾಡ್ತಿ?" ದಾದಾಸಾಬರು ಕೇಳಿದರು.

"ಜುಮಕಿ ಹಾಕೋತೇನಿ. ಲಗೂ ಸುರು ಮಾಡ್ರಿ, ನಾ ಹೊಂಟ ನಿಂತೇನಿ."

ದಾದಾಸಾಬರು ರಬ್ಬರಿನಿಂದ ಅಳಿಸಿ ತಿದ್ದಿದರು. ಪಯಣದ ಸಾಮಾನಿನ ಸಾಲಿನಲ್ಲಿ, ನೀರಿನ ತತ್ರಾಣಿಗಿಂತ ಮೊದಲು, ಒಂದು ಜೊತೆ ಜುಮಕಿ ಬರೆದರು.

ಅಂದು ಮಾಸುಮಬಿ ಮರುಭೂಮಿಯಲ್ಲಿ ಎಷ್ಟು ಓಡಿದಳೆಂದರೆ, ಸಂಜೆ ಕತೆಯನ್ನೆಲ್ಲ ಕೇಳಿ ಮುಗಿಸಿ, ದಣಿವಾಯಿತೆಂದು ಗಂಡನ ಕೈಯಲ್ಲಿ ಕಾಲು ಒತ್ತಿಸಿಕೊಂಡಳು.