ಸೊರಬದ ಡಾಕ್ಟರಿಗೆ ನಾನು ಹೇಳಿದ ಸುಳ್ಳು

ಸುಮಾ, ನಿನ್ನ ಕಿಡ್ನಿಯಲ್ಲಿ ಗಡ್ಡೆಯಿದೆ ಎಂದು ನಿನ್ನ ಮದುವೆಗೆ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನಿಂದಲೇ ಮುಚ್ಚಿಟ್ಟೆ.

ಹೊಟ್ಟೆನೋವೆಂದು ಶಿಕಾರಿಪುರದಲ್ಲಿ ಸ್ಕ್ಯಾನ್ ಮಾಡಿಸಿದ ದಿನ ನೀನು ಹೊರಗೆ ಎಳನೀರು ಕುಡಿಯುತ್ತಿದ್ದೆ. ಡಾಕ್ಟರು ಅಕ್ಕನೆಂದು ನನ್ನನ್ನು ಒಳಗೆ ಕರೆದು ಹೇಳಿದರು — ಕೊಬ್ಬಿನ ಗಡ್ಡೆ, ಕ್ಯಾನ್ಸರ್ ಅಲ್ಲ. ಆದರೆ ದೊಡ್ಡದಿದೆ, ಒಡೆದರೆ ಒಳಗೇ ರಕ್ತ ಸೋರುತ್ತದೆ, ಬಸುರಿಯಾಗುವ ಮೊದಲು ಚಿಕಿತ್ಸೆ ಆಗಲೇಬೇಕು. ಉಳವಿಯ ಗಂಡಿನ ಕಡೆಯವರು ನಿನ್ನನ್ನು ನೋಡಲು ಬರುವುದು ಆ ಸೋಮವಾರವೇ ಇತ್ತು. ನಿನಗೆ ಗ್ಯಾಸ್ಟ್ರಿಕ್ ಎಂದೆ. ರಿಪೋರ್ಟನ್ನು ಬಚ್ಚಲ ಒಲೆಗೆ ಹಾಕಿದೆ. ಹಲ್ಲು ಎಣಿಸಿ ದನ ಕೊಳ್ಳುವ ಹಾಗೆ ಹೆಣ್ಣು ನೋಡುವ ಜನರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ — ಆದರೆ ಒಲೆಗೆ ಹಾಕಿದ ಕೈ ಅವರದಲ್ಲ.

ಮದುವೆ ಮುಗಿಯಲಿ, ಹೇಳೋಣ ಎಂದುಕೊಂಡೆ. ಆಮೇಲೆ ಯುಗಾದಿ ಕಳೆಯಲಿ — ಆಮೇಲೆ —

ನೀನು ಬಸುರಿಯಾದೆ. ಐದನೇ ತಿಂಗಳಿಗೆ ಕುಬುಸದ ಶಾಸ್ತ್ರ ಮಾಡಲು ರೊಟ್ಟಿ, ಹೋಳಿಗೆ ಕಟ್ಟಿಕೊಂಡು ಉಳವಿಗೆ ಬಂದೆ. ಹಸಿರು ಕುಬುಸ ತೊಟ್ಟು ಮಣೆಯ ಮೇಲೆ ಕೂತವಳು ಪಕ್ಕೆ ಹಿಡಿದು ಬಾಗಿದೆ. ಸೊರಬದ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ನನ್ನನ್ನೇ ಕೇಳಿದರು: "ಹಿಂದೆ ಸ್ಕ್ಯಾನ್‌ನಲ್ಲಿ ಏನಾದ್ರೂ ಕಂಡಿತ್ತೇನ್ರೀ?"

ನಿನ್ನ ಅತ್ತೆ ಪಕ್ಕದಲ್ಲಿ ನಿಂತಿದ್ದರು.

"ಇಲ್ಲರೀ. ಏನೂ ಇರ್ಲಿಲ್ಲ."

ಕಿಡ್ನಿಯಲ್ಲಿ ಕಲ್ಲಿರಬಹುದೆಂದು ನೋವಿನ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಎರಡು ತಾಸು ನಿನ್ನ ಅಂಗಾಲು ತಿಕ್ಕುತ್ತ ಕೂತೆ, ಬಾಯಿ ಬಿಡಲಿಲ್ಲ. ಮೈ ತಣ್ಣಗಾಗಿ ನಾಡಿ ಸಿಗದಾದಾಗ ಶಿವಮೊಗ್ಗಕ್ಕೆ ಓಡಿಸಿದರು. ಅಲ್ಲಿ ಬಾಟಲಿ ಮೇಲೆ ಬಾಟಲಿ ರಕ್ತ ಏರಿಸಿ, ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಸೋರುವ ನಾಳವನ್ನು ಒಳಗಿಂದಲೇ ಮುಚ್ಚಿದರು. ನೀನು ಉಳಿದೆ. ಮಗು ಉಳಿಯಲಿಲ್ಲ.

"ಕೊಡ ಎತ್ತಬೇಡ ಮಾರಾಯ್ತಿ ಅಂದ್ರೂ ಕೇಳ್ಲಿಲ್ಲ, ಕೂಸು ಕಳ್ಕೊಂಡ್ಲು" ಎಂದು ನಿನ್ನ ಅತ್ತೆ ಇವತ್ತಿಗೂ ಹೇಳುತ್ತಾರೆ. ನೀನು ತಪ್ಪು ನಿನ್ನದೇ ಎಂಬಂತೆ ತಲೆ ತಗ್ಗಿಸುತ್ತೀಯ. ಅಕ್ಕ ಇಲ್ಲದಿದ್ದರೆ ಸತ್ತೇಹೋಗುತ್ತಿದ್ದೆ ಎಂದು ಬಂದವರ ಮುಂದೆಲ್ಲ ನನ್ನನ್ನು ಹೊಗಳುತ್ತೀಯ. ಕೇಳಿದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ಆದರೂ ನೀನು ಬಡಿಸಿದ್ದನ್ನು ಉಂಡು, ಎಲೆಯಡಿಕೆ ಹಾಕಿಕೊಂಡು ಬಸ್ಸು ಹತ್ತಿದ್ದೇನೆ — ಎಂಟು ವರ್ಷ. ಎಂಥ ಹೆಂಗಸು ನಾನು!

ಈ ಕಾಗದದ ಹಿಂದೆಯೇ ಉಳವಿಗೆ ಬರುತ್ತೇನೆ. ನಿನ್ನ ಅತ್ತೆಯೆದುರು ನಿಂತು ಇದಿಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ನೀನು ಒಳಗೆ ಕರೆಯಬೇಡ, ನೀರೂ ಕೊಡಬೇಡ. ಇನ್ನು ಅಕ್ಕ ಎನ್ನಬೇಡ ಎಂದು ಬರೆಯಲು ಮಾತ್ರ ಕೈ ಏಳುತ್ತಿಲ್ಲ — ಅದನ್ನು ನೀನೇ ಹೇಳು.